ಉಹುರಾಗೆ ಬಂದ ಪತ್ರಗಳು



ಸ್ವಲ್ಪ ಉದ್ದದ ಬರಹ. ಟಿವಿ ಸೀರಿಯಲ್ ಬಗ್ಗೆ, ಅದೂ ಅಮೆರಿಕದ್ದು, ಅದೂ ನಕ್ಷತ್ರಗಳ ನಡುವೆ ಹಡಗು ಓಡಿಸೋ ಕಥೆ. "ಅಕ್ಕಾ, ಒಳಮೀಸಲಾತಿ ಬಗ್ಗೆ ಬರೀರಿ ಅಂದ್ರೆ ಇದೇನು ಶುರು ಮಾಡಿದ್ರಿ" ಅಂತ ಇನ್‌ಬಾಕ್ಸಿಗೆ ಬರೋರಿಗೆ ಮೊದಲೇ ಹೇಳಿಬಿಡ್ತೀನಿ, ಅದನ್ನೂ ಬರೀತೀನಿ. ಇವತ್ತು ಇದನ್ನ ಓದಿ.

ಯಾಕೆ ಅಂದ್ರೆ, ನಮ್ಮ ಸಭೆಗಳಲ್ಲಿ ಒಂದು ಮಾತು ಪದೇ ಪದೇ ಬರುತ್ತೆ. ಹೆಣ್ಣುಮಕ್ಕಳು ಸಂಜೆ ಆದ್ರೆ ಸೀರಿಯಲ್ ಮುಂದೆ ಕೂತುಬಿಡ್ತಾರೆ, ಚಳವಳಿಗೆ ಎಲ್ಲಿ ಬರ್ತಾರೆ ಅನ್ನೋ ಮಾತು. ಹೇಳೋರು ನಮ್ಮ ಸಂಗಾತಿಗಳೇ, ಒಳ್ಳೆಯವರೇ. (ಕ್ರಿಕೆಟ್ ಫೈನಲ್ ಇದ್ದ ದಿನ ಸಭೆ ಮುಂದಕ್ಕೆ ಹಾಕೋರೂ ಅವರೇ, ಅದಿರಲಿ.) ಟಿವಿ ನೋಡೋ ಹೆಂಗಸು ಅಂದ್ರೆ ತೋರಿಸಿದ್ದನ್ನೆಲ್ಲ ಸುಮ್ನೆ ನುಂಗೋಳು ಅಂತ ಇವರ ಲೆಕ್ಕ. ನಾನು ಇದನ್ನು ಒಪ್ಪಲ್ಲ. ಟಿವಿ ನೋಡಿದ ಹೆಂಗಸರು ಏನೇನು ಮಾಡಿದ್ರು ಅನ್ನೋದಕ್ಕೆ ಸ್ಟಾರ್ ಟ್ರೆಕ್ ಅಭಿಮಾನಿಗಳಷ್ಟು ಒಳ್ಳೆ ಉದಾಹರಣೆ ಇನ್ನೊಂದು ನನಗೆ ಕಂಡಿಲ್ಲ. ಆ ಉದಾಹರಣೆಯಲ್ಲಿ ನಮಗೆ ಬೇಕಾದ್ದೂ ಇದೆ, ನಾವು ಜಗಳ ಆಡಬೇಕಾದ್ದೂ ಇದೆ.

ಗೊತ್ತಿಲ್ಲದವರಿಗೆ ಎರಡು ಮಾತು. 1966ರ ಸೆಪ್ಟೆಂಬರ್ 8ರಂದು ಎನ್‌ಬಿಸಿ ಚಾನೆಲ್‌ನಲ್ಲಿ ಶುರುವಾದ ಸರಣಿ, 1969ರ ಜೂನ್‌ವರೆಗೆ 79 ಕಂತು ಬಂತು. ಮುಂದಿನ ಶತಮಾನಗಳಲ್ಲಿ ನಡೆಯೋ ಕಥೆ. ಎಂಟರ್‌ಪ್ರೈಸ್ ಅನ್ನೋ ಹಡಗು, ಕರ್ಕ್ ಅನ್ನೋ ಕ್ಯಾಪ್ಟನ್, ಚೂಪು ಕಿವಿಯ ಸ್ಪಾಕ್. ಕ್ಯಾಪ್ಟನ್ ಕುರ್ಚಿಯ ಹಿಂದೆ, ಕಿವಿಗೆ ಒಂದು ಯಂತ್ರ ಸಿಕ್ಕಿಸಿಕೊಂಡು, ಕಪ್ಪು ಹೆಂಗಸೊಬ್ಬಳು ಕೂತಿರ್ತಾಳೆ. ಲೆಫ್ಟಿನೆಂಟ್ ಉಹುರಾ, ಹಡಗಿನ ಸಂಪರ್ಕ ಅಧಿಕಾರಿ. ಆ ಪಾತ್ರ ಮಾಡಿದವರು ನಿಶೆಲ್ ನಿಕೋಲ್ಸ್. ಹೊರಗಿಂದ ಬಂದ ಸಂದೇಶ ತಗೋಬೇಕು, ಯಾರದ್ದು ಅಂತ ಕ್ಯಾಪ್ಟನ್‌ಗೆ ಹೇಳಬೇಕು, ಉತ್ತರ ಕಳಿಸಬೇಕು. ನನ್ನ ಭಾಷೆಯಲ್ಲಿ ಹೇಳೋದಾದ್ರೆ ಟಪಾಲು ಶಾಖೆ. ನಾನು ಎಷ್ಟೋ ವರ್ಷ ಟಪಾಲು ನೋಡಿಕೊಂಡವಳು, ಮಗಳ ಲ್ಯಾಪ್‌ಟಾಪಿನಲ್ಲಿ ಸಬ್‌ಟೈಟಲ್ ಓದಿಕೊಂಡು ಮೊದಲ ಸಲ ನೋಡಿದಾಗ ನನ್ನ ಕಣ್ಣು ಹೋಗಿದ್ದು ಕ್ಯಾಪ್ಟನ್ ಮೇಲಲ್ಲ, ಅವಳ ಮೇಲೆ.

ಉಹುರಾ ಅನ್ನೋ ಹೆಸರು ಸ್ವಾಹಿಲಿ ಭಾಷೆಯ 'ಉಹುರು' ಪದದಿಂದ ಬಂದಿದ್ದು. ಅಂದ್ರೆ ಸ್ವಾತಂತ್ರ್ಯ. ಹೆಸರಿನ ಬೆಲೆ ಏನು ಅಂತ ನಮ್ಮ ಜನಕ್ಕೆ ಹೇಳಿಕೊಡಬೇಕಾಗಿಲ್ಲ. ನಮ್ಮ ಅಜ್ಜಿಯರಿಗೆ ಊರಿನವರು ಕರೀತಿದ್ದ ಹೆಸರುಗಳನ್ನ ನೆನೆಸಿಕೊಳ್ಳಿ. ಆದ್ರೆ ಇನ್ನೊಂದು ವಿಷಯ ಕೇಳಿ. ಆ 79 ಕಂತುಗಳಲ್ಲಿ ಎಲ್ಲೂ ಅವಳಿಗೆ ಒಂದು ಪೂರ್ತಿ ಹೆಸರು ಅಂತ ಇರಲಿಲ್ಲ. ಬರೀ ಉಹುರಾ. 'ನ್ಯೋಟಾ' ಅನ್ನೋ ಮೊದಲ ಹೆಸರು ತೆರೆ ಮೇಲೆ ಬಂದಿದ್ದು 2009ರ ಸಿನಿಮಾದಲ್ಲಿ.

ಅಮೆರಿಕದಲ್ಲಿ 1966 ಅಂದ್ರೆ ಎಂಥ ಕಾಲ? ನಾಗರಿಕ ಹಕ್ಕುಗಳ ಕಾಯ್ದೆ ಬಂದು ಎರಡು ವರ್ಷ, ಮತದಾನದ ಹಕ್ಕಿನ ಕಾಯ್ದೆ ಬಂದು ಒಂದು ವರ್ಷ. ಟಿವಿಯಲ್ಲಿ ಕಪ್ಪು ಹೆಂಗಸು ಕಂಡರೆ ಹೆಚ್ಚಾಗಿ ಯಾರದೋ ಮನೆಯ ಅಡುಗೆಯವಳಾಗಿ ಕಾಣ್ತಿದ್ದಳು. ಅಂಥಾದ್ರಲ್ಲಿ ಇವಳು ಸಮವಸ್ತ್ರ ಹಾಕಿಕೊಂಡು ಅಧಿಕಾರಿಯಾಗಿ ಕೂತಿದ್ದಾಳೆ, ಯಾರೂ ಅವಳಿಗೆ ಕಾಫಿ ತಾ ಅಂತಿಲ್ಲ. ವೂಪಿ ಗೋಲ್ಡ್‌ಬರ್ಗ್ ಆಗ ಚಿಕ್ಕ ಹುಡುಗಿ. ಟಿವಿಯಲ್ಲಿ ಕಪ್ಪು ಹೆಂಗಸು ಇದ್ದಾಳೆ, ಅವಳು ಮನೆಗೆಲಸದವಳಲ್ಲ ಅಂತ ಮನೆಯವರನ್ನೆಲ್ಲ ಕೂಗಿ ಕರೆದಿದ್ದನ್ನ ಆಮೇಲೆ ಹೇಳಿಕೊಂಡಿದ್ದಾರೆ. ದೊಡ್ಡ ನಟಿ ಆದಮೇಲೆ, 1988ರಲ್ಲಿ, ತಾನಾಗೇ ಕೇಳಿಕೊಂಡು ಹೋಗಿ ಸ್ಟಾರ್ ಟ್ರೆಕ್‌ನ ಮುಂದಿನ ಸರಣಿಯಲ್ಲಿ ಪಾತ್ರ ಮಾಡಿದ್ರು. ಶಿಕಾಗೋದಲ್ಲಿ ಬೆಳೀತಿದ್ದ ಮೇ ಜೆಮಿಸನ್ ಕೂಡ ಉಹುರಾಳನ್ನ ನೋಡ್ತಾ ಬೆಳೆದವರು. 1992ರ ಸೆಪ್ಟೆಂಬರ್‌ನಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಕಪ್ಪು ಮಹಿಳೆ ಅವರೇ. ನೌಕೆಯಲ್ಲಿ ತಮ್ಮ ಪಾಳಿ ಶುರು ಮಾಡುವಾಗ ಉಹುರಾ ಹೇಳ್ತಿದ್ದ ಮಾತನ್ನೇ ಹೇಳ್ತಿದ್ದರಂತೆ, ಸಂಪರ್ಕ ತೆರೆದಿದೆ ಅನ್ನೋ ಅರ್ಥದ ಮಾತು.

ಇಷ್ಟನ್ನು ಎಲ್ಲರೂ ಹೇಳ್ತಾರೆ. ಮಾರ್ಟಿನ್ ಲೂಥರ್ ಕಿಂಗ್ ಕಥೆಯನ್ನೂ ಹೇಳ್ತಾರೆ. ನಾನು ಸ್ವಲ್ಪ ನಿಲ್ಲಬೇಕು ಅಂತಿರೋದು ಅಲ್ಲೇ.

ನಿಕೋಲ್ಸ್ ಹಾಡುಗಾರ್ತಿ, ಡ್ಯೂಕ್ ಎಲಿಂಗ್ಟನ್ ತಂಡದ ಜೊತೆ ಹಾಡಿದವರು. ಮೊದಲ ಸೀಸನ್‌ನಲ್ಲಿ ಅವರ ಮಾತುಗಳನ್ನ ಕತ್ತರಿಸಿ ಕತ್ತರಿಸಿ ಕಡೆಗೆ ಒಂದೆರಡು ಸಾಲು ಉಳೀತಿತ್ತು. ಬೇಜಾರಾಗಿ, ರಂಗಭೂಮಿ ಕಡೆ ಹೋಗ್ತೀನಿ ಅಂತ ನಿರ್ಮಾಪಕ ಜೀನ್ ರಾಡನ್‌ಬೆರಿಗೆ ರಾಜೀನಾಮೆ ಕೊಟ್ಟರು. ಅದೇ ವಾರಾಂತ್ಯ ಒಂದು ಕಾರ್ಯಕ್ರಮದಲ್ಲಿ ನಿಮ್ಮ ಅಭಿಮಾನಿಯೊಬ್ಬರು ಭೇಟಿ ಮಾಡಬೇಕಂತೆ ಅಂದ್ರು. ತಿರುಗಿ ನೋಡಿದ್ರೆ ಡಾ. ಕಿಂಗ್. ನಿಕೋಲ್ಸ್ ಹಲವು ಸಲ ಹೇಳಿರೋ ಪ್ರಕಾರ, ಬಿಡಬೇಡ ಅಂದರು ಕಿಂಗ್. ಜಗತ್ತು ನಮ್ಮನ್ನ ಹೇಗೆ ನೋಡಬೇಕೋ ಹಾಗೆ ಮೊದಲ ಸಲ ನೋಡ್ತಿದೆ, ನೀನು ಎದ್ದು ಹೋದರೆ ಆ ಜಾಗಕ್ಕೆ ಯಾರನ್ನಾದರೂ ಕೂರಿಸ್ತಾರೆ ಅಂದರು. ಸೋಮವಾರ ಬಂದು ನಿಕೋಲ್ಸ್ ರಾಜೀನಾಮೆ ವಾಪಸ್ ತಗೊಂಡರು.

ಕೇಳಿದ್ರೆ ಮೈ ಜುಮ್ ಅನ್ನುತ್ತೆ. ಕಿಂಗ್ ಹೇಳಿದ್ದು ಸರಿ. ಆದ್ರೆ ಆ ಸೋಮವಾರ ಕುರ್ಚಿಗೆ ವಾಪಸ್ ಬಂದ ಹೆಂಗಸಿನ ಬಗ್ಗೆ ಯಾರೂ ಯೋಚನೆ ಮಾಡಲ್ಲ. ಎರಡು ಸಾಲಿನ ಮಾತು ನಾಲ್ಕು ಸಾಲಾಯ್ತಾ? ಆಗಲಿಲ್ಲ. ಇನ್ನೂ ಎರಡು ವರ್ಷ ಹೆಚ್ಚುಕಮ್ಮಿ ಅದೇ ಸಾಲುಗಳನ್ನ ಹೇಳ್ತಾ ಕೂತರು.

ನಾನು ಕೆಲಸಕ್ಕೆ ಸೇರಿದಾಗ ಸೆಕ್ಷನ್‌ನಲ್ಲಿ ನಮ್ಮವರು ಅಂತ ಇದ್ದವಳು ನಾನೊಬ್ಬಳೇ. ಎಲ್ಲರ ಟೀ ಲೋಟ ಒಂದು ಟ್ರೇನಲ್ಲಿ ಇರ್ತಿತ್ತು, ನನ್ನದು ಕಿಟಕಿ ಮೇಲೆ. ಯಾರೂ ಏನೂ ಹೇಳಲಿಲ್ಲ, ಲೋಟ ಮಾತ್ರ ಕಿಟಕಿ ಮೇಲೆ ಇರ್ತಿತ್ತು. ವರ್ಗಾವಣೆ ಕೇಳ್ತೀನಿ, ಆಗದಿದ್ರೆ ಬಿಟ್ಟೇ ಬಿಡ್ತೀನಿ ಅಂದಾಗ ನಮ್ಮ ಕೇರಿಯ ಹಿರಿಯರು ಅಂದಿದ್ದು, "ಬಿಡಬೇಡ ತಾಯಿ, ನೀನು ಎದ್ರೆ ಆ ಕುರ್ಚಿ ನಮ್ಮೋರಿಗೆ ಮತ್ತೆ ಸಿಗಲ್ಲ." ಅವರು ಹೇಳಿದ್ದೂ ಸರಿ. ನಾನು ಬಿಡಲಿಲ್ಲ. ಆದ್ರೆ ಯಾರೂ "ಲೋಟದ ಬಗ್ಗೆ ಏನು ಮಾಡೋಣ" ಅಂತ ಕೇಳಲಿಲ್ಲ. ಮೊದಲನೆಯವರಾಗಿ ಕೂತವರಿಗೆ ನಾವು ಸಹಿಸಿಕೋ ಅಂತೀವಿ, ಅವರ ಪಕ್ಕ ಹೋಗಿ ನಿಲ್ಲೋದು ಕಮ್ಮಿ. ಅದರಲ್ಲೂ ಹೆಣ್ಣಾದ್ರೆ, ಸಹಿಸಿಕೊಳ್ಳೋದು ಅವಳ ಡ್ಯೂಟಿಯಲ್ಲೇ ಸೇರಿಹೋಗಿರುತ್ತೆ.

ಅವಳ ಪಕ್ಕ ನಿಂತವರು ಇದ್ದರು, ಅದು ಅವಳಿಗೆ ಗೊತ್ತಾಗಲಿಲ್ಲ ಅನ್ನೋದು ಇನ್ನೂ ದೊಡ್ಡ ವಿಷಯ. 1994ರಲ್ಲಿ ಬಂದ ಆತ್ಮಕಥೆಯಲ್ಲಿ ನಿಕೋಲ್ಸ್ ಬರೆದಿದ್ದಾರೆ: ಅಭಿಮಾನಿಗಳು ಅವರಿಗೆ ರಾಶಿ ರಾಶಿ ಪತ್ರ ಬರೀತಿದ್ದರು, ಸ್ಟುಡಿಯೋದವರು ಅದನ್ನ ಅವರಿಗೆ ತಲುಪಿಸ್ತಾ ಇರಲಿಲ್ಲ. ಅಲ್ಲಿನ ಟಪಾಲಿನವರೊಬ್ಬರು ಹೇಳಿದ ಮೇಲೇ ಗೊತ್ತಾಗಿದ್ದು. ಇದನ್ನ ಓದಿದ ದಿನ ನನಗೆ ಊಟ ಸೇರಲಿಲ್ಲ. ಟಪಾಲು ಕೆಲಸ ಮಾಡಿದವರಿಗೆ ಗೊತ್ತು, ಬಂದ ಕಾಗದ ರಿಜಿಸ್ಟರ್‌ನಲ್ಲಿ ಹತ್ತದಿದ್ರೆ ಅದು ಬಂದೇ ಇಲ್ಲ ಅಂತ ಲೆಕ್ಕ. ಅರ್ಜಿ ಕೊಟ್ಟ ನಮ್ಮ ಜನ ಆರು ತಿಂಗಳು ಬಿಟ್ಟು ಬಂದು ಕೇಳಿದ್ರೆ "ಯಾವ ಅರ್ಜಿ?" ಅಂತಾರೆ. ಎಷ್ಟು ಹುಡುಗಿಯರು, ಕಪ್ಪು ಹುಡುಗಿಯರು, ಅಕ್ಷರ ಗುಂಡಗೆ ಮಾಡಿ ಬರೆದು ಅಂಚೆ ಚೀಟಿ ಹಚ್ಚಿ ಕಳಿಸಿದ್ರೋ. ನಿನ್ನನ್ನ ಯಾರೂ ಕೇಳ್ತಿಲ್ಲ ಅಂತ ಅವಳನ್ನ ನಂಬಿಸೋದು ಎಷ್ಟು ಸುಲಭ ನೋಡಿ, ಚೀಲ ಒಂದು ಕೋಣೆಯಲ್ಲಿ ತಡೆದು ನಿಲ್ಲಿಸಿದ್ರೆ ಸಾಕು.

ಈಗ ಪತ್ರಗಳ ಇನ್ನೊಂದು ಕಥೆ. ಇದು ತಲುಪಿದ ಪತ್ರಗಳದ್ದು.

ಎರಡನೇ ಸೀಸನ್ ನಡೀತಿದ್ದಾಗ ಸರಣಿಯನ್ನ ನಿಲ್ಲಿಸ್ತಾರೆ ಅನ್ನೋ ಸುದ್ದಿ ಬಂತು. ಕ್ಯಾಲಿಫೋರ್ನಿಯಾದ ಬೀಜೋ ಟ್ರಿಂಬಲ್ ಅನ್ನೋ ಗೃಹಿಣಿ, ಗಂಡ ಜಾನ್ ಜೊತೆ ಸೇರಿಕೊಂಡು ಪತ್ರ ಚಳವಳಿ ಶುರು ಮಾಡಿದ್ರು. ವಿಜ್ಞಾನ ಕಥೆ ಓದುಗರ ವಿಳಾಸಗಳನ್ನ ಗುಡ್ಡೆ ಹಾಕಿ, ಪ್ರತಿಯೊಬ್ಬರಿಗೂ ಸೂಚನೆ ಕಳಿಸಿದ್ರು: ನೀವು ಬರೀರಿ, ಇನ್ನೂ ಹತ್ತು ಜನರ ಕೈಲಿ ಬರೆಸಿ, ಆ ಹತ್ತು ಜನರಿಗೂ ಹತ್ತು ಜನರನ್ನ ಹಿಡೀರಿ ಅಂತ ಹೇಳಿ. ಒಂದೇ ಒಕ್ಕಣೆ ನಕಲು ಮಾಡಬೇಡಿ, ಮರ್ಯಾದೆಯಾಗಿ ಬರೀರಿ. 1967ರ ಕೊನೆಯಿಂದ 1968ರ ಮಾರ್ಚ್‌ವರೆಗೆ ಒಂದು ಲಕ್ಷಕ್ಕಿಂತ ಹೆಚ್ಚು ಪತ್ರ ಬಂತು ಅಂತ ಚಾನೆಲ್‌ನವರೇ ಒಪ್ಪಿಕೊಂಡರು. 1968ರ ಮಾರ್ಚ್ 1ರ ರಾತ್ರಿ ಕಂತು ಮುಗಿದ ಮೇಲೆ, ಸರಣಿ ಮುಂದುವರಿಯುತ್ತೆ ಅಂತ ಟಿವಿಯಲ್ಲೇ ಪ್ರಕಟಣೆ ಕೊಟ್ಟರು.

ಒಂದು ಲಕ್ಷ ಲಕೋಟೆ ಅಂದ್ರೆ ಎಷ್ಟು ಅಂತ ಕಚೇರಿಯಲ್ಲಿ ಕೆಲಸ ಮಾಡಿದವರು ಊಹಿಸಬಲ್ಲರು. ಆಗ ಕಂಪ್ಯೂಟರ್ ಇಲ್ಲ, ಫಾರ್ವರ್ಡ್ ಇಲ್ಲ. ವಿಳಾಸ ಬರೆಯೋದು, ಅಂಟಿಸೋದು, ಪಟ್ಟಿ ಇಡೋದು. ಈ ಕೆಲಸಕ್ಕೆ ಹೋರಾಟ ಅನ್ನೋ ಹೆಸರು ಸಿಗಲ್ಲ, ಮೈಕ್ ಮುಂದೆ ನಿಂತವರಿಗೆ ಸಿಗುತ್ತೆ. ನಮ್ಮಲ್ಲೂ ಎಪ್ಪತ್ತರ ದಶಕದಲ್ಲಿ ಸೈಕ್ಲೋಸ್ಟೈಲ್ ಕರಪತ್ರಗಳ ಮೇಲೆ ಚಳವಳಿ ಬೆಳೀತು ಅಂತ ಹಿರಿಯರು ಹೆಮ್ಮೆಯಿಂದ ಹೇಳ್ತಾರೆ. ಸ್ಟೆನ್ಸಿಲ್ ಕೊಯ್ದವರು ಯಾರು, ರಾತ್ರಿ ಹನ್ನೊಂದಕ್ಕೆ ಹತ್ತು ಜನ ಬಂದಾಗ ಮುದ್ದೆ ತೊಳಸಿದವರು ಯಾರು ಅಂತ ನಾನು ಕೇಳ್ತಾ ಇರ್ತೀನಿ. ಗಂಡಸರ ಹೆಸರು ಥಟ್ಟನೆ ಬರುತ್ತೆ. ಹೆಂಗಸರದ್ದು "ಅವರ ಮನೆಯವರು" ಅಂತ ಬರುತ್ತೆ.

ಸೈಕ್ಲೋಸ್ಟೈಲ್ ಅಂದೆ. ಸ್ಟಾರ್ ಟ್ರೆಕ್ ಹೆಂಗಸರೂ ಅದನ್ನೇ ಹಿಡಿದಿದ್ದು. 1967ರಲ್ಲೇ ನ್ಯೂಯಾರ್ಕಿನ ಡೆವ್ರಾ ಲ್ಯಾಂಗ್ಸಮ್ ಮತ್ತು ಶೆರ್ನಾ ಕಮರ್ಫೋರ್ಡ್ 'ಸ್ಪಾಕನೇಲಿಯಾ' ಅನ್ನೋ ಅಭಿಮಾನಿ ಪತ್ರಿಕೆ ತಂದರು, ಈ ಸರಣಿಗೇ ಮೀಸಲಾದ ಮೊದಲ ಪತ್ರಿಕೆ ಅದು. ಲ್ಯಾಂಗ್ಸಮ್ ಗ್ರಂಥಾಲಯದಲ್ಲಿ ಕೆಲಸ ಮಾಡ್ತಿದ್ದವರು. ಇಂಥ ಪತ್ರಿಕೆಗಳು ಆಮೇಲೆ ಹುಟ್ಟುತ್ತಲೇ ಹೋದವು, ಬರೆದವರಲ್ಲಿ ಬಹುಪಾಲು ಹೆಂಗಸರೇ. ಟಿವಿಯವರು ತೋರಿಸದ ಕಥೆಗಳನ್ನ ಇವರು ಬರೆದರು. 1972ರ ಜನವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಅಭಿಮಾನಿಗಳ ಮೊದಲ ದೊಡ್ಡ ಸಮಾವೇಶ ಮಾಡಿದಾಗ, ಕೆಲವು ನೂರು ಜನ ಬರಬಹುದು ಅಂದುಕೊಂಡಿದ್ರೆ ಸಾವಿರಾರು ಜನ ನುಗ್ಗಿದರು. ಸರಣಿ ನಿಂತು ಎರಡೂವರೆ ವರ್ಷ ಆಗಿತ್ತು ಆಗ.

ಸರಣಿಯ ಒಳಗಿದ್ದ ಹೆಂಗಸಿನ ಕಥೆಯೂ ಬೇರೆ ಅಲ್ಲ. ಡೊರೊಥಿ ಫಾಂಟಾನಾ ರಾಡನ್‌ಬೆರಿಯ ಸೆಕ್ರೆಟರಿ ಆಗಿದ್ದವರು, ನಮ್ಮ ಜಾತಿಯವರು, ಅಂದ್ರೆ ಗುಮಾಸ್ತರ ಜಾತಿ. ಕಥೆ ಬರೆದು ಬರೆದು ಸರಣಿಯ ಕಥಾ ಸಂಪಾದಕಿ ಆದರು. ತೆರೆ ಮೇಲೆ ಹೆಸರು ಮಾತ್ರ 'ಡಿ. ಸಿ. ಫಾಂಟಾನಾ' ಅಂತ. ಹೆಣ್ಣು ಅಂತ ಗೊತ್ತಾದ್ರೆ ಇಂಥ ಕಥೆ ಓದೋಕೆ ಮುಂಚೆನೇ ಪಕ್ಕಕ್ಕಿಡ್ತಾರೆ ಅನ್ನೋ ಕಾಲ. ಹೆಸರಿನ ಹಿಂದೆ ಇನಿಷಿಯಲ್ ಹಾಕಿಕೊಂಡು ಸರ್‌ನೇಮ್ ಮುಚ್ಚಿಟ್ಟು ಬಾಡಿಗೆ ಮನೆ ಹುಡುಕಿದವರಿಗೆ ಇದು ಹೊಸದಾ?

ಇನ್ನು ಗೇಲಿಯ ವಿಷಯ. ಅಭಿಮಾನಿ ಪತ್ರಿಕೆಗಳಲ್ಲಿ ಹುಡುಗಿಯರು ತಮ್ಮನ್ನೇ ಕಥೆಯೊಳಗೆ ಹಾಕಿಕೊಂಡು ಬರೀತಿದ್ದರು. ಚಿಕ್ಕ ವಯಸ್ಸಿನ ಒಬ್ಬ ಹುಡುಗಿ ಹಡಗಿಗೆ ಬರ್ತಾಳೆ, ಎಲ್ಲ ವಿದ್ಯೆ ಗೊತ್ತು, ಕ್ಯಾಪ್ಟನ್‌ನೇ ಕಾಪಾಡ್ತಾಳೆ. 1973ರಲ್ಲಿ ಪೌಲಾ ಸ್ಮಿತ್ ಅನ್ನೋ ಅಭಿಮಾನಿ ಇಂಥ ಕಥೆಗಳನ್ನ ಅಣಕಿಸಿ ಒಂದು ಪುಟ್ಟ ಕಥೆ ಬರೆದರು, ನಾಯಕಿ ಹದಿನೈದೂವರೆ ವರ್ಷದ ಲೆಫ್ಟಿನೆಂಟ್ ಮೇರಿ ಸೂ. ಅದು ಹೆಂಗಸರು ತಮ್ಮೊಳಗೆ ಮಾಡಿಕೊಂಡ ತಮಾಷೆ. ಆದ್ರೆ ಆಮೇಲೆ 'ಮೇರಿ ಸೂ' ಅನ್ನೋದು ಬೈಗುಳ ಆಯ್ತು. ಯಾವ ಸಿನಿಮಾದಲ್ಲಿ ಹೆಣ್ಣು ಗಟ್ಟಿಯಾಗಿ ನಿಂತರೂ ಗಂಡಸರು ಅದನ್ನೇ ಎಸೀತಾರೆ. ನಮ್ಮ ಹೀರೋಗಳು ಒಬ್ಬೊಬ್ಬರೇ ನಲವತ್ತು ಜನರನ್ನ ಹೊಡೆದು, ಹಾಡು ಹೇಳಿ, ಊರಿನ ಕೆರೆ ತುಂಬಿಸಿ ಹೋಗ್ತಾರಲ್ಲ, ಅವರಿಗೆ ಇಂಥ ಹೆಸರು ಯಾಕಿಲ್ಲ? ಕಥೆಗಳಲ್ಲಿ ಜಾಗವೇ ಇಲ್ಲದ ಹುಡುಗಿ ಮೊದಲ ಸಲ ಪೆನ್ನು ಹಿಡಿದರೆ ತನ್ನನ್ನೇ ರಾಣಿ ಮಾಡಿಕೊಳ್ತಾಳೆ. ಮಾಡಿಕೊಳ್ಳಲಿ. ನಮ್ಮ ಹಾಸ್ಟೆಲ್ ಹುಡುಗಿಯರು ಇಂಥ ಕೆಟ್ಟ ಕಥೆ ನೂರು ಬರೀಲಿ ಅಂತ ನನಗೆ ಆಸೆ. ನಮ್ಮ ಹುಡುಗಿ ಅಂದ ಕೂಡಲೇ ಬರೆಯೋರು ಅತ್ಯಾಚಾರದ ಕಥೆಯನ್ನೇ ಕೈಗೆತ್ತಿಕೊಳ್ತಾರೆ. ಅವಳು ಹಡಗು ಓಡಿಸೋ ಕಥೆ ಬರೀತೀನಿ ಅಂದ್ರೆ "ವಾಸ್ತವ ಬರಿಯಮ್ಮ" ಅಂತಾರೆ.

ಹೀಗೆ ಹೆಂಗಸರು ಜೀವ ಸವೆಸಿ ಉಳಿಸಿದ ಮೂರನೇ ಸೀಸನ್‌ನ ಕೊನೇ ಕಂತಿನಲ್ಲಿ ಏನಿತ್ತು ಗೊತ್ತಾ? ಕ್ಯಾಪ್ಟನ್ ಆಗಬೇಕು ಅಂತ ಹಂಬಲಿಸಿದ ಒಬ್ಬ ಮಹಿಳಾ ವಿಜ್ಞಾನಿ. ಹೆಂಗಸರಿಗೆ ಆ ಹುದ್ದೆ ಇಲ್ಲ. ಅದಕ್ಕೆ ಅವಳು ಕರ್ಕ್‌ನ ಶರೀರವನ್ನೇ ಕದೀತಾಳೆ. ಅವಳನ್ನ ತೋರಿಸಿದ್ದು ಹುಚ್ಚಿಯಾಗಿ. 1969ರ ಜೂನ್ 3ರಂದು ಪ್ರಸಾರ ಆಯ್ತು, ಎರಡು ತಿಂಗಳು ತುಂಬೋಕೆ ಮುಂಚೆ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ. ಮುನ್ನೂರು ವರ್ಷ ಮುಂದಿನ ಕಥೆ, ಬೇರೆ ಬೇರೆ ಗ್ರಹದವರು ಒಟ್ಟಿಗೆ ಉಣ್ತಾರೆ, ಕುರ್ಚಿ ಮಾತ್ರ ಹೆಂಗಸಿಗಿಲ್ಲ! ಹೆಣ್ಣು ಕ್ಯಾಪ್ಟನ್ ಒಂದು ಸರಣಿಯ ನಾಯಕಿಯಾಗೋಕೆ 1995 ಆಗಬೇಕಾಯ್ತು, ಜೇನ್‌ವೇ ಪಾತ್ರ, ಬಿಳಿ ಹೆಂಗಸು. ಕಪ್ಪು ಹೆಂಗಸು ಸರಣಿಯ ನಾಯಕಿ ಆಗಿದ್ದು 2017ರಲ್ಲಿ, ಸೊನೆಕ್ವಾ ಮಾರ್ಟಿನ್-ಗ್ರೀನ್. ಟ್ರೇಲರ್ ಬಂದ ಕೂಡಲೇ ಆನ್‌ಲೈನ್‌ನಲ್ಲಿ ಕೆಲವರು ಬಿಳಿಯರಿಗೆ ಅನ್ಯಾಯ ಆಯ್ತು ಅಂತ ಬೊಬ್ಬೆ ಹೊಡೆದರು. ಮೀಸಲಾತಿ ಸುದ್ದಿ ಬಂದಾಗ ನಮ್ಮ ಟೈಮ್‌ಲೈನ್‌ನಲ್ಲಿ ಕಾಣೋ ಸಾಲುಗಳೇ, ಇಂಗ್ಲಿಷಿನಲ್ಲಿ.

ನಾಸಾದ್ದೂ ಇದೇ ಕಥೆ. 1977ರಲ್ಲಿ ನಿಕೋಲ್ಸ್ ನಾಸಾ ಪರವಾಗಿ ಊರೂರು ಸುತ್ತಿ ಹೆಂಗಸರು, ಕಪ್ಪು ಜನ ಅರ್ಜಿ ಹಾಕಿ ಅಂತ ಪ್ರಚಾರ ಮಾಡಿದರು. 1978ರಲ್ಲಿ 35 ಜನರನ್ನ ಆರಿಸಿದ್ರು. ಆರು ಜನ ಹೆಂಗಸರು, ಮೂರು ಜನ ಕಪ್ಪು ಗಂಡಸರು. ದೊಡ್ಡ ಗೆಲುವು. ಆ ಆರರಲ್ಲಿ ಕಪ್ಪು ಹೆಂಗಸು ಒಬ್ಬಳೂ ಇಲ್ಲ. ಕರೆದವಳು ಕಪ್ಪು ಹೆಂಗಸು, ಒಳಗೆ ಹೋದವರು ಬಿಳಿ ಹೆಂಗಸರು ಮತ್ತು ಕಪ್ಪು ಗಂಡಸರು. ಜೆಮಿಸನ್ ಆಯ್ಕೆ ಆಗೋಕೆ 1987 ಬರಬೇಕಾಯ್ತು. ಮಹಿಳಾ ಮೀಸಲಾತಿ ಚರ್ಚೆ ಬಂದಾಗ "ಯಾವ ಮಹಿಳೆ?" ಅಂತ ನಾವು ಕೇಳಿದ್ರೆ ಒಡಕು ತರ್ತಾರೆ ಅನ್ನೋರು ಈ ಲೆಕ್ಕ ನೋಡಲಿ.

ಅಭಿಮಾನಿ ಹೆಂಗಸರನ್ನೂ ನಾನು ಪೂರ್ತಿ ಹೊಗಳಲ್ಲ. ಆ ಪತ್ರಿಕೆಗಳ ಕಥೆಗಳು ಬಹುಪಾಲು ಸುತ್ತಿದ್ದು ಕರ್ಕ್ ಮತ್ತು ಸ್ಪಾಕ್ ಸುತ್ತಲೇ. ಉಹುರಾ ಅಲ್ಲೂ ಹಿಂದಿನ ಸಾಲಿನಲ್ಲೇ ಕೂತಿದ್ದಳು. ಬರೆಯೋ ಯಂತ್ರ ಮನೆಯಲ್ಲಿದ್ದವರು, ಸಮಾವೇಶಕ್ಕೆ ಹೋಗೋ ದುಡ್ಡಿದ್ದವರು ತಮ್ಮ ಕಥೆ ಬರೆದುಕೊಂಡರು. ಅವರ ಶ್ರಮಕ್ಕೆ ಗೌರವ ಕೊಡ್ತಾನೇ ಇದನ್ನೂ ಹೇಳಬೇಕು.

ಹಾಗಾದ್ರೆ ಇದು ನಮಗೇಕೆ ಅಂದ್ರೆ, ಅಲ್ಲಿನ ಕಪ್ಪು ಜನರ ಜೊತೆ ನಮ್ಮ ಪತ್ರ ವ್ಯವಹಾರ ಹಳೇದು. 1946ರಲ್ಲಿ ಬಾಬಾಸಾಹೇಬರು ಡು ಬೋಯಿಸ್ ಅವರಿಗೆ ಪತ್ರ ಬರೆದು, ಅಮೆರಿಕದ ಕಪ್ಪು ಜನ ವಿಶ್ವಸಂಸ್ಥೆಗೆ ಕೊಡೋ ಮನವಿಯ ಬಗ್ಗೆ ವಿಚಾರಿಸಿದ್ದರು, ಅದೇ ವರ್ಷ ಉತ್ತರವೂ ಬಂತು. ನಾವು ಅವರಿಂದ ಪ್ಯಾಂಥರ್ಸ್ ಹೆಸರು ತಗೊಂಡ್ವಿ, ಕವಿತೆ ತಗೊಂಡ್ವಿ. ಅವರ ಹೆಂಗಸರು ಟಿವಿ ಮುಂದೆ ಕೂತು ಏನು ಕಲಿತರು ಅನ್ನೋದನ್ನೂ ತಗೊಳ್ಳೋಣ. ಅವರು ನೋಡಿದ್ದಕ್ಕೆ ಕೃತಜ್ಞರಾಗಿ ಸುಮ್ಮನಾಗಲಿಲ್ಲ. ನಮ್ಮವಳಿಗೆ ಮಾತು ಕೊಡಿ, ಹೆಸರು ಕೊಡಿ, ಕುರ್ಚಿ ಕೊಡಿ ಅಂತ ಕೇಳಿದ್ರು.

ನಮ್ಮ ಕನ್ನಡ ಚಾನೆಲ್‌ಗಳಿಗೆ ಯಾರಾದ್ರೂ ಬರೀತಿದ್ದೀವಾ? ಸಂಜೆ ಆರರಿಂದ ಹತ್ತರವರೆಗೆ ಒಂದಾದ ಮೇಲೊಂದು ಮನೆ, ದೊಡ್ಡ ಹಾಲ್, ದೇವರ ಮನೆ, ರೇಷ್ಮೆ ಸೀರೆ. ಆ ಮನೆಗಳ ಗೋಡೆ ಮೇಲೆ ಬಾಬಾಸಾಹೇಬರ ಫೋಟೋ ನೀವು ಎಷ್ಟು ಸಲ ನೋಡಿದ್ದೀರಿ? ಪಾತ್ರದ ಅಡ್ಡಹೆಸರು, ಊಟದ ತಟ್ಟೆ, ಮದುವೆ ಶಾಸ್ತ್ರ ಎಲ್ಲ ಯಾರದ್ದು ಅಂತ ನಮ್ಮ ಹೆಂಗಸರಿಗೆ ಚೆನ್ನಾಗಿ ಗೊತ್ತು, ದಿನಾ ನೋಡೋರು ಅವರೇ ತಾನೇ. ಯಾವ ಪ್ರಾಧ್ಯಾಪಕರಿಗಿಂತ ಚೆನ್ನಾಗಿ ವಿಮರ್ಶೆ ಮಾಡ್ತಾರೆ, ಪಾತ್ರೆ ತೊಳೀತಾ. ಅದನ್ನ ಬರೆದು ಕಳಿಸೋಣ. ನಮ್ಮ ಮಹಿಳಾ ಘಟಕದಿಂದ ಮುಂದಿನ ತಿಂಗಳು ಶುರು ಮಾಡ್ತಿದ್ದೀವಿ, ಒಬ್ಬೊಬ್ಬರು ಒಂದು ಪತ್ರ, ಜೊತೆಗೆ ಹತ್ತು ಜನರ ಕೈಲಿ ಹತ್ತು. ಬರೆಯೋಕೆ ಬರದವರು ಹೇಳಲಿ, ನಾನು ಬರ್ಕೊಡ್ತೀನಿ, ನನ್ನ ಅಕ್ಷರ ಪರವಾಗಿಲ್ಲ. ಪ್ರತಿಯೊಂದಕ್ಕೂ ನಂಬರ್ ಹಾಕಿ, ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಸ್ವೀಕೃತಿ ಇಟ್ಟುಕೊಳ್ಳೋಣ.

ಈಗ ನೀವು ಹೇಳಿ. ಟಿವಿಯಲ್ಲೋ ಸಿನಿಮಾದಲ್ಲೋ ಯಾರನ್ನ ನೋಡಿ "ಅರೆ, ಇವಳು ನಮ್ಮೋಳು" ಅಂತ ಅನ್ನಿಸಿತ್ತು? ಎಷ್ಟು ವಯಸ್ಸಾಗಿತ್ತು ಆಗ? ಹೆಣ್ಣುಮಕ್ಕಳು ಮೊದಲು ಬರೀರಿ. ಅಣ್ಣಂದಿರು ಓದಿ, ಆಮೇಲೆ ನಿಮ್ಮ ಮನೆಯಲ್ಲಿ ಇದೇ ಪ್ರಶ್ನೆ ಕೇಳಿ, ಬಂದ ಉತ್ತರ ಇಲ್ಲಿ ಹಾಕಿ.